ಕಿವಿಗೆ ಐದು ಸೂಜಿ: ಚಟ ಬಿಡಿಸುವಲ್ಲಿ ಅದರ ಪಾಲೆಷ್ಟು?

ಹೆರಾಯಿನ್ ಬಿಟ್ಟ ಎರಡು-ಮೂರು ದಿನಕ್ಕೆ ಮೂಗು ಸೋರುತ್ತಾ, ಮೈ ನಡುಗುತ್ತಾ, ಕೂತಲ್ಲಿ ಕೂರಲಾಗದೆ ಬರುವವರಿಗೆ ನಾನು ಅಕ್ಯುಪಂಕ್ಚರ್ ಸೂಜಿ ಹಾಕುವುದು ಕಿವಿಗೆ ಮಾತ್ರ. ಇದು 1970ರ ದಶಕದಲ್ಲಿ ನ್ಯೂಯಾರ್ಕ್‌ನ ಸೌತ್ ಬ್ರಾಂಕ್ಸ್‌ನಲ್ಲಿರುವ ಲಿಂಕನ್ ಆಸ್ಪತ್ರೆಯಲ್ಲಿ ರೂಪುಗೊಂಡ ಕ್ರಮ. 1985ರಲ್ಲಿ ಹುಟ್ಟಿದ ನಾಡಾ (ನ್ಯಾಷನಲ್ ಅಕ್ಯುಪಂಕ್ಚರ್ ಡಿಟಾಕ್ಸಿಫಿಕೇಶನ್ ಅಸೋಸಿಯೇಷನ್) ಸಂಸ್ಥೆಯ ಮೂಲಕ ಬೇರೆ ಕಡೆಗೂ ಹಬ್ಬಿತು. ಕಿವಿಯ ಮೇಲೆ ಸೂಜಿ ಚುಚ್ಚುವ ಬಿಂದುಗಳು ಐದು, ಅವುಗಳ ಹೆಸರು: ಸಿಂಪಥೆಟಿಕ್, ಶೆನ್ ಮೆನ್, ಕಿಡ್ನಿ, ಲಿವರ್, ಲಂಗ್.

ಮೊದಲು ಕೇಳುವುದು, ಏನಾದರೂ ತಿಂದಿದ್ದೀರಾ ಎಂದು. ಹಸಿದ ಹೊಟ್ಟೆಯಲ್ಲಿ, ಬೆವರಿ ಸುಸ್ತಾದವರು ಸೂಜಿ ತಾಗುತ್ತಲೇ ತಲೆ ತಿರುಗಿ ಬೀಳಬಹುದು. ಹಾಗಾದರೆ ತಕ್ಷಣ ಎಲ್ಲ ಸೂಜಿ ತೆಗೆದು, ಮಲಗಿಸಿ, ಕಾಲು ಎತ್ತಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದೂ ಕೇಳಬೇಕು. ಸ್ಪಿರಿಟ್ ಒರೆಸಿ, ಪೂರ್ತಿ ಆರಿದ ಮೇಲೆಯೇ ಚುಚ್ಚುವುದು, ಹಸಿಯಿದ್ದರೆ ಉರಿಯುತ್ತದೆ. ಒಮ್ಮೆ ಬಳಸಿ ಎಸೆಯುವ ಸಣ್ಣ ಸೂಜಿ, ಆಳ ಒಂದೆರಡು ಮಿಲಿಮೀಟರ್ ಸಾಕು. ಕಿವಿಯ ಮೃದು ಎಲುಬಿಗೆ ರಕ್ತದ ಹರಿವು ಕಡಿಮೆ, ಅಲ್ಲಿ ಕೀವು ಕಟ್ಟಿದರೆ ಬೇಗ ವಾಸಿಯಾಗದು. ಎರಡೂ ಕಿವಿ ಸೇರಿ ಹತ್ತು ಸೂಜಿ. 30ರಿಂದ 45 ನಿಮಿಷ, ಎಲ್ಲರೂ ಒಂದೇ ಕೋಣೆಯಲ್ಲಿ ಸುಮ್ಮನೆ ಕೂರುತ್ತಾರೆ. ತೆಗೆಯುವಾಗ ಎಣಿಸಲೇಬೇಕು. ಜಾರಿದ ಸೂಜಿ ಕೂದಲಲ್ಲೋ ಕಾಲರ್‌ನಲ್ಲೋ ಸಿಕ್ಕಿಕೊಂಡಿರುತ್ತದೆ. ಹೆಪಟೈಟಿಸ್ ಸಿ, ಎಚ್‌ಐವಿ ಇರುವವರೂ ಬರುವ ಕೋಣೆಯಲ್ಲಿ ಅದು ಚಿಕ್ಕ ವಿಷಯವಲ್ಲ. ರಕ್ತ ಜಿನುಗಿದರೆ ಒಣ ಹತ್ತಿ ಒತ್ತಿ ಹಿಡಿದರಾಯಿತು.

ಫಲವೇನು? ನಡುಕ ತಗ್ಗುತ್ತದೆ, ಕೆಲವರಿಗೆ ಅಲ್ಲೇ ಜೊಂಪು ಹತ್ತುತ್ತದೆ. ಆದರೆ ಇದರಿಂದ ಚಟ ಬಿಡುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. 2000ರಲ್ಲಿ ಕೊಕೇನ್ ಚಟವಿದ್ದ 82 ಮಂದಿಗೆ ಕಿವಿಗೆ ಸೂಜಿ ಹಾಕಿ ನೋಡಿದ ಪರೀಕ್ಷೆ ಆಸೆ ಹುಟ್ಟಿಸಿತ್ತು. ಆದರೆ 2002ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ, ಅಂಥದೇ 620 ಮಂದಿಯ ದೊಡ್ಡ ಪರೀಕ್ಷೆಯಲ್ಲಿ ಸರಿಯಾದ ಬಿಂದುವಿಗೆ ಚುಚ್ಚಿದವರು, ಬೇರೆಡೆ ಚುಚ್ಚಿದವರು, ಬರೀ ವಿಶ್ರಾಂತಿಯ ವಿಡಿಯೊ ನೋಡಿದವರು, ಈ ಮೂರೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಸೂಜಿಯ ನೆಪದಲ್ಲಿ ಮನುಷ್ಯ ದಿನವೂ ಬಂದು ಕೂರುತ್ತಾನೆ, ಆಪ್ತಸಮಾಲೋಚನೆಗೆ ಸಿಗುತ್ತಾನೆ. ನನಗೆ ಅದೇ ದೊಡ್ಡದು.

ಹೆರಾಯಿನ್ ಚಟಕ್ಕೆ ವೈದ್ಯರು ಕೊಡುವ ಬ್ಯುಪ್ರೆನಾರ್ಫಿನ್, ಮೆಥಡೋನ್ ತೆಗೆದುಕೊಳ್ಳುತ್ತಿರುವವರು ಸೂಜಿ ನಂಬಿ ಔಷಧ ನಿಲ್ಲಿಸಬಾರದು. ವರ್ಷಗಟ್ಟಲೆ ಕುಡಿದು ದಿಢೀರನೆ ಬಿಟ್ಟವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಅಪಾಯ ಹೆಚ್ಚು, ಆಮೇಲೆ ಭ್ರಮೆ, ಗೊಂದಲವೂ ಕಾಣಿಸಿಕೊಳ್ಳಬಹುದು. ಅವರನ್ನು ಕುರ್ಚಿಯಲ್ಲಿ ಕೂರಿಸದೆ ನೇರ ಆಸ್ಪತ್ರೆಗೆ ಕಳಿಸುತ್ತೇನೆ. ಹೆರಾಯಿನ್ ಬಿಟ್ಟವರ ಮನೆಯವರಿಗೆ ಇನ್ನೊಂದು ಮಾತು ಒತ್ತಿ ಹೇಳುತ್ತೇನೆ: ಕೆಲವು ದಿನ ಬಿಟ್ಟರೂ ದೇಹದ ತಾಳಿಕೆ ಇಳಿದಿರುತ್ತದೆ, ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.