ಲ್ಯಾಬ್ ಸರ್ವರ್‌ನ ಖಾತೆಗಳನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟೆ

ಹುಬ್ಬಳ್ಳಿಯ ವಿದ್ಯಾನಗರದ ಕಡೆ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. "ಸರ್, ನನ್ನ ಪೇಜ್ ಹಾಕಿಕೊಡ್ರಿ", "ಸರ್, ಪಾಸ್‌ವರ್ಡ್ ಬದಲಿ ಮಾಡಿಕೊಡ್ರಿ" ಎಂದು ಮಕ್ಕಳು ಬರುತ್ತಲೇ ಇರುತ್ತಿದ್ದರು. ಕುಂದಗೋಳ, ಅಣ್ಣಿಗೇರಿಯಿಂದ ಬರುವವರು ಸಂಜೆ ಬಸ್ಸು ಹಿಡಿಯಬೇಕು. ತಮ್ಮದೇ ಫೈಲಿಗಾಗಿ ಅವರು ನನಗಾಗಿ ಸುಮ್ನೆ ಕಾಯುವುದು ನನಗೆ ಸರಿ ಕಾಣಲಿಲ್ಲ.

ಸರ್ವರ್‌ನಲ್ಲಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಮೇಲೆ ಅಪಾಚೆ ಇತ್ತು, ಅಂದರೆ ವೆಬ್ ಪೇಜ್‌ಗಳನ್ನು ಬ್ರೌಸರ್‌ಗೆ ಕಳಿಸುವ ಸಾಫ್ಟ್‌ವೇರ್. ಅದರಲ್ಲಿ ಯೂಸರ್‌ಡೈರ್ ಎಂಬ ಮಾಡ್ಯೂಲ್ ಇದೆ. ಅದನ್ನು ಆನ್ ಮಾಡಿದರೆ ಪ್ರತಿಯೊಬ್ಬರ ಹೋಮ್ ಫೋಲ್ಡರ್‌ನೊಳಗಿನ 'ಪಬ್ಲಿಕ್ ಎಚ್‌ಟಿಎಂಎಲ್' (public_html) ಫೋಲ್ಡರ್ ಅವರ ವೆಬ್ ಜಾಗವಾಗುತ್ತದೆ. ವಿಳಾಸದಲ್ಲಿ ಟಿಲ್ಡೆ ಚಿಹ್ನೆ, ಮುಂದೆ ಯೂಸರ್‌ನೇಮ್, ಅಷ್ಟೇ.

ಆದರೆ ಆನ್ ಮಾಡಿದ ಕೂಡಲೇ ಪೇಜ್ ಕಾಣುವುದಿಲ್ಲ, 403, ಅಂದರೆ 'ಪ್ರವೇಶವಿಲ್ಲ' ಎಂಬ ಸಂದೇಶ, ಬರುತ್ತದೆ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗೆ 750 ಅನುಮತಿ (ಒಡೆಯ ಮತ್ತು ಅವರ ಗುಂಪಿಗೆ ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ) ಇರುತ್ತದೆ, ಹಾಗಾಗಿ ಅಪಾಚೆಗೆ ಒಳಗೆ ದಾರಿ ಇಲ್ಲ. ಬಹಳ ಜನ 711 (ಎಲ್ಲರೂ ಹಾದುಹೋಗಬಹುದು) ಕೊಟ್ಟು ಮುಗಿಸುತ್ತಾರೆ. ನಾನು ಹಾಗೆ ಮಾಡಲಿಲ್ಲ. ಒಂದೇ ಮಶೀನಿನಲ್ಲಿ ನೂರಾರು ಮಕ್ಕಳಿರುವಾಗ ಒಬ್ಬರ ಮನೆ ದಾಟಿ ಇನ್ನೊಬ್ಬರು ಹೋಗುವ ದಾರಿ ಬೇಡ ಅಲ್ವಾ? ಒಬ್ಬ ಯೂಸರ್‌ಗೆ ಮಾತ್ರ ಬೇರೆ ಅನುಮತಿ ಕೊಡಬಲ್ಲ ಸೆಟ್‌ಎಫ್‌ಎಸಿಎಲ್ ಕಮಾಂಡ್ ಬಳಸಿ ಅಪಾಚೆಯ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' ಯೂಸರ್‌ಗೆ ಮಾತ್ರ ಒಳಗೆ ಹಾದುಹೋಗುವ ಅನುಮತಿ ಕೊಟ್ಟೆ. ಅದಕ್ಕೆ ಹೋಮ್ ಫೋಲ್ಡರ್‌ನ ಪಟ್ಟಿ ನೋಡಲು ಆಗುವುದಿಲ್ಲ, ಬೇರೆ ಮಕ್ಕಳಿಗಂತೂ ಪ್ರವೇಶವೇ ಇಲ್ಲ.

ಪ್ರತಿ ಹೊಸ ಖಾತೆಗೆ ಇದನ್ನು ಕೈಯಿಂದ ಮಾಡಬೇಕಿಲ್ಲ. 'ಆಡ್‌ಯೂಸರ್ ಡಾಟ್ ಲೋಕಲ್' ಎಂಬ ಸ್ಕ್ರಿಪ್ಟ್ ಇಟ್ಟರೆ ಖಾತೆ ತೆರೆದ ಮೇಲೆ ಅದು ತಾನೇ ಓಡುತ್ತದೆ. ಅನುಮತಿಯ ಸಾಲಿನ ಜೊತೆಗೆ ಪಾಸ್‌ವರ್ಡಿನ ಅವಧಿ ಮುಗಿಸುವ 'ಚೇಜ್ ಮೈನಸ್ ಡಿ ಸೊನ್ನೆ' (chage -d 0) ಕಮಾಂಡ್ ಕೂಡ ಅದರಲ್ಲೇ ಸೇರಿಸಿದೆ. ಇದರಿಂದ ಮೊದಲ ಲಾಗಿನ್‌ನಲ್ಲೇ ಸಿಸ್ಟಮ್ ಹೊಸ ಪಾಸ್‌ವರ್ಡ್ ಕೇಳುತ್ತದೆ. ನಾನು ಕೊಟ್ಟ ತಾತ್ಕಾಲಿಕ ಪಾಸ್‌ವರ್ಡ್ ಅಲ್ಲಿಗೆ ಸತ್ತಿತು. ಒಂದು ಮಾತು: ಇದು ಎಸ್‌ಎಸ್‌ಎಚ್ ಟರ್ಮಿನಲ್‌ನಲ್ಲಿ (ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡುವ ಕಿಟಕಿ) ಮಾತ್ರ ಆಗುತ್ತದೆ. ಫೈಲ್ ಕಳಿಸಲಷ್ಟೇ ಇರುವ ಎಸ್‌ಎಫ್‌ಟಿಪಿಯಲ್ಲಿ ಬಂದರೆ ಬದಲಿಸಲು ದಾರಿ ಸಿಗದೆ ಲಾಗಿನ್ನೇ ಆಗುವುದಿಲ್ಲ. ಆದ್ದರಿಂದ ಮೊದಲ ಲಾಗಿನ್ ಲ್ಯಾಬಿನಲ್ಲೇ ಮಾಡಿಸುತ್ತೇನೆ.

ತಮ್ಮ ಪೇಜಿಗೆ ಬೀಗ ಹಾಕಿಕೊಳ್ಳುವುದನ್ನೂ ಅವರಿಗೇ ಬಿಟ್ಟೆ. ಫೋಲ್ಡರ್‌ನೊಳಗಿನ ಫೈಲಿನಿಂದ ಏನೇನು ಬದಲಿಸಬಹುದೆಂದು ಹೇಳುವ ಅಪಾಚೆಯ 'ಅಲೌಓವರ್‌ರೈಡ್' ಸೆಟ್ಟಿಂಗ್‌ನಲ್ಲಿ ಆತ್‌ಕಾನ್ಫಿಗ್ ಇದ್ದರೆ ಮಕ್ಕಳು ಡಾಟ್ ಎಚ್‌ಟಿಆಕ್ಸೆಸ್ ಫೈಲ್ ಬರೆದು ಪಾಸ್‌ವರ್ಡ್ ಹಾಕಬಹುದು. 'ಆಲ್' ಎಂದು ಮಾತ್ರ ಕೊಡಬೇಡಿ. ಕೊಟ್ಟರೆ ಯಾರದೋ ಫೈಲಿಗೆ ಸಿಮ್‌ಲಿಂಕ್ (ಬೇರೆಡೆಯ ಫೈಲಿಗೆ ಕೊಂಡಿ) ಹಾಕಿ ತೋರಿಸುವ ಆಯ್ಕೆಯನ್ನೂ ಅವರೇ ಆನ್ ಮಾಡಿಕೊಳ್ಳಬಹುದು. ಉಬುಂಟು ಕೊಡುವ ಸೆಟ್ಟಿಂಗ್‌ನಲ್ಲಿ ಫೈಲಿನ ಒಡೆಯ ಮತ್ತು ಲಿಂಕಿನ ಒಡೆಯ ಒಬ್ಬರೇ ಆಗಿದ್ದರಷ್ಟೇ ಅದು ತೆರೆಯುತ್ತದೆ. ಅದು ಹಾಗೇ ಇರಲಿ.

ಆ ಬೀಗದ ಹೆಸರು, ಪಾಸ್‌ವರ್ಡ್‌ಗಳ ಫೈಲ್ ಮಾಡುವ ಎಚ್‌ಟಿಪಾಸ್‌ಡಬ್ಲ್ಯೂಡಿ (htpasswd) ಕಮಾಂಡಿನಲ್ಲಿ 'ಸಿ' ಗುರುತು ಮೊದಲ ಸಲಕ್ಕೆ ಮಾತ್ರ ಎಂದು ಬೋರ್ಡಿನ ಮೇಲೆ ಬರೆದಿಟ್ಟಿದ್ದೇನೆ. ಎರಡನೇ ಸಲ ಹಾಕಿದರೆ ಹಳೆಯ ಹೆಸರುಗಳೆಲ್ಲ ಹೋಗುತ್ತವೆ.

ಈ ಫೋಲ್ಡರ್‌ಗಳಲ್ಲಿ ಸರ್ವರ್‌ನಲ್ಲೇ ಸ್ಕ್ರಿಪ್ಟ್ ಓಡಿಸುವ ಪಿಎಚ್‌ಪಿ ಮೊದಲಿಂದಲೂ ಆಫ್ ಇರುತ್ತದೆ. ಮಕ್ಕಳು ಕೇಳುತ್ತಾರೆ, ಆದರೂ ಆನ್ ಮಾಡಿಲ್ಲ. ಆ ಸ್ಕ್ರಿಪ್ಟುಗಳು ಅಪಾಚೆಯ ಹೆಸರಿನಲ್ಲೇ ಓಡುತ್ತವೆ. ಅಪಾಚೆ ಓದಬಲ್ಲ ಎಲ್ಲರ ಫೈಲನ್ನೂ ಅವು ಓದುತ್ತವೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಎಫ್‌ಪಿಎಂ ಪೂಲ್ (ಅವರವರ ಹೆಸರಿನಲ್ಲೇ ಪಿಎಚ್‌ಪಿ ಓಡಿಸುವ ವ್ಯವಸ್ಥೆ) ಮಾಡಿದ ಮೇಲೆಯೇ ಕೊಡುತ್ತೇನೆ.

ಈಗ ನನ್ನ ಹತ್ತಿರ ಬರುವುದು ಪಾಸ್‌ವರ್ಡ್ ಪೂರ್ತಿ ಮರೆತವರು ಮಾತ್ರ. ಐಡಿ ಕಾರ್ಡ್ ನೋಡಿ ತಾತ್ಕಾಲಿಕ ಒಂದನ್ನು ಕೊಟ್ಟು, ಮತ್ತೆ ಅದೇ ಚೇಜ್ ಕಮಾಂಡ್ ಹಾಕುತ್ತೇನೆ.