ಬಣ್ಣದ ಡಬ್ಬಿ ತೆರೆಯುವ ಮೊದಲು ಗೋಡೆಯ ಉಪ್ಪು ನೋಡಿ

ತಿಮಿಂಗಿಲದ ಹೊಟ್ಟೆ ಉಬ್ಬಿತ್ತು. ಬಿಡಿಸಿದವರು ಹಾಗೆ ಬಿಡಿಸಿರಲಿಲ್ಲ. ಗೋಡೆಯ ಬಣ್ಣವೇ ಅಂಗೈಯಗಲ ಗುಳ್ಳೆಯಾಗಿ ಎದ್ದು ನಿಂತಿತ್ತು. ಬೆರಳಿಂದ ಒತ್ತಿದೆ, ತರಗೆಲೆಯ ಹಾಗೆ ಮುರಿಯಿತು, ಒಳಗಿಂದ ಬಿಳಿ ಪುಡಿ ಸುರಿಯಿತು. ನಾಲಿಗೆಗೆ ತಾಗಿಸಿ ನೋಡಿದರೆ ಉಪ್ಪು. (ನೀವು ಹೀಗೆ ಮಾಡಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು.) ಊರಿನ ಅರವತ್ತು ಜನ ಎರಡು ಭಾನುವಾರ ನಿಂತು ಬಿಡಿಸಿದ ಚಿತ್ರ ಎಂಟು ತಿಂಗಳು ಬಾಳಲಿಲ್ಲ.

ಚಿತ್ರ ಹಾಳಾದದ್ದಕ್ಕಿಂತ ಹೆಚ್ಚು ಚುಚ್ಚಿದ್ದು ಕೆಳಗೆ ಬಿದ್ದಿದ್ದ ಚಕ್ಕೆಗಳು. ಅಕ್ರಿಲಿಕ್ ಬಣ್ಣ ಒಣಗಿದರೆ ಪ್ಲಾಸ್ಟಿಕ್ಕೇ. ಆ ಚಕ್ಕೆಗಳು ಮೊದಲ ಮಳೆಗೆ ಚರಂಡಿ ಹಿಡಿದು ಹೋಗುವುದು ಎಲ್ಲಿಗೆ? ಗೋಡೆಯ ಮೇಲೆ ‘ಕಡಲು ಉಳಿಸಿ’ ಎಂದು ಬರೆದವರೇ ಕಡಲಿಗೆ ಪ್ಲಾಸ್ಟಿಕ್ ಸುರಿದಂತಾಯಿತು. ಕರಾವಳಿಯಲ್ಲಿ ಊರವರೆಲ್ಲ ಸೇರಿ ಗೋಡೆಚಿತ್ರ ಮಾಡಬೇಕೆಂದಿದ್ದರೆ ವಿನ್ಯಾಸದ ಸಭೆ ಆಮೇಲೆ ಕರೆಯಿರಿ, ಮೊದಲು ಗೋಡೆಯನ್ನು ಮಾತಾಡಿಸಿ.

ಗೋಡೆ ಯಾವುದು?

ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಎಷ್ಟು ವರ್ಷ ಚಿತ್ರ ಉಳಿಸುತ್ತಾರೆ, ದುರಸ್ತಿ ಯಾರದು ಎಂಬುದೂ ಅದರಲ್ಲೇ ಬರಲಿ.

ಅಲೆಯ ತುಂತುರು ನೇರವಾಗಿ ಬಡಿಯುವ ತಡೆಗೋಡೆಯ ಮೇಲೆ ಎಲ್ಲರಿಗೂ ಕಣ್ಣು. ಫೋಟೋ ಚೆನ್ನಾಗಿ ಬರುತ್ತದೆ, ಚಿತ್ರ ಉಳಿಯುವುದಿಲ್ಲ. ಒಂದೆರಡು ಬೀದಿ ಒಳಗೆ, ಜನ ದಿನಾ ನಡೆದು ಹೋಗುವ ಕಡೆ, ಮೇಲೆ ಚಾವಣಿಯ ಅಂಚು ಮುಂದೆ ಚಾಚಿರುವ ಗೋಡೆ ಹುಡುಕಿ. ಹಿಂದೆ ಮಣ್ಣು ತುಂಬಿರುವ ಗೋಡೆ ಬೇಡವೇ ಬೇಡ. ಅದು ಬೇಸಿಗೆಯಲ್ಲೂ ಒಳಗೆ ಒದ್ದೆಯಾಗಿಯೇ ಇರುತ್ತದೆ.

ಉಪ್ಪಿನ ಪರೀಕ್ಷೆ: ಇಲ್ಲಿ ಆತುರ ಪಡಬೇಡಿ

ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಇಳಿದರೆ ಮತ್ತೆ ಹರಳಾಗುತ್ತದೆ. ಕಡಲ ದಂಡೆಯಲ್ಲಿ ರಾತ್ರಿ ಒಂದು, ಮಧ್ಯಾಹ್ನ ಇನ್ನೊಂದು ಎಂಬಂತೆ ಈ ಆಟ ನಡೆದೇ ಇರುತ್ತದೆ. ಗಾರೆಯ ಸಣ್ಣ ರಂಧ್ರಗಳಲ್ಲಿ ಹರಳು ಬೆಳೆಯುವಾಗ ಅದಕ್ಕೆ ಜಾಗ ಬೇಕು. ಸಿಗದಿದ್ದರೆ ಎದುರಿಗಿರುವುದನ್ನು ತಳ್ಳುತ್ತದೆ. ಎದುರಿಗಿರುವುದು ನಿಮ್ಮ ಬಣ್ಣ.

ಮೊದಲು ಕಣ್ಣಿಂದ ನೋಡಿ. ಗೋಡೆಯ ಬುಡದಿಂದ ಮೊಣಕಾಲು ಅಥವಾ ಸೊಂಟದ ಎತ್ತರಕ್ಕೆ ಅಡ್ಡಲಾಗಿ ಕಲೆಯ ಗೆರೆ ಇದೆಯೇ? ನೆಲದ ನೀರು ಅಷ್ಟೆತ್ತರ ಏರಿ ಅಲ್ಲಿ ಆರುತ್ತಿದೆ, ತಂದ ಉಪ್ಪನ್ನು ಅಲ್ಲೇ ಬಿಡುತ್ತಿದೆ ಎಂದರ್ಥ. ಆಮೇಲೆ ಬೆರಳ ಗೆಣ್ಣಿಂದ ಗೋಡೆಯನ್ನು ತಟ್ಟುತ್ತಾ ಉದ್ದಕ್ಕೆ ನಡೆಯಿರಿ. ಗಟ್ಟಿ ಗಾರೆ ‘ಟಕ್’ ಎನ್ನುತ್ತದೆ, ಇಟ್ಟಿಗೆ ಬಿಟ್ಟು ಎದ್ದಿರುವ ಗಾರೆ ‘ಡಬ್’ ಎನ್ನುತ್ತದೆ. ಡಬ್ ಎಂದಲ್ಲೆಲ್ಲ ಬಳಪದಿಂದ ಸುತ್ತು ಹಾಕಿ.

ಈಗ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. ಪಾರದರ್ಶಕ ಹಾಳೆಯನ್ನು 45 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಒಂದೇ ಕಡೆ ಅಂಟಿಸಿ ‘ಒಣಗಿದೆ’ ಎಂದು ಹೊರಡುವವರನ್ನು ಬಹಳ ನೋಡಿದ್ದೇನೆ, ಅದೂ ಎದೆಯ ಮಟ್ಟದಲ್ಲಿ, ಬಗ್ಗಬೇಕಾಗಿಲ್ಲವಲ್ಲ! ಬುಡದಲ್ಲೊಂದು, ಎದೆಮಟ್ಟದಲ್ಲೊಂದು, ಚಾವಣಿಯ ನೀರು ಇಳಿಯುವ ಕೊಳವೆಯ ಪಕ್ಕದಲ್ಲೊಂದು ಹೀಗೆ ಮೂರು ಹಾಳೆ ಬೇಕು. ಬಿಚ್ಚುವಾಗ ಹಾಳೆಯ ಒಳಮೈ ಬೆವರಿದ್ದರೆ ಅಥವಾ ಗೋಡೆ ಅಲ್ಲಿ ಮಾತ್ರ ಕಪ್ಪಾಗಿದ್ದರೆ ನೀರು ಒಳಗಿಂದ ಬರುತ್ತಿದೆ. ಕಾರ್ಯಕ್ರಮ ಮುಂದೂಡಿ. ಜೂನ್ 8 ವಿಶ್ವ ಸಾಗರ ದಿನ, ಅಷ್ಟರೊಳಗೆ ಮುಗಿಯಲೇಬೇಕು ಎಂಬ ಒತ್ತಡ ಬರುತ್ತದೆ. ಗೋಡೆಗೆ ಕ್ಯಾಲೆಂಡರ್ ಗೊತ್ತಿಲ್ಲ.

ಬಿಳಿ ಪುಡಿ ತೆಗೆಯುವುದು ಒಣ ಕೆಲಸ. ಕೆಳಗೆ ಟಾರ್ಪಾಲು ಹಾಸಿ, ಮಾಸ್ಕ್ ಹಾಕಿಕೊಂಡು, ಗಡಸು ನೈಲಾನ್ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಬಾಚಿ ಚೀಲಕ್ಕೆ ತುಂಬಿ. ಪೈಪ್ ಹಿಡಿದು ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಅಂದು ಸಂಜೆ ಗೋಡೆ ಫಳಫಳ, ಹದಿನೈದು ದಿನಕ್ಕೆ ಮತ್ತೆ ಬಿಳಿ. ಉಜ್ಜಿ ಒಂದು ವಾರ ಬಿಡಿ, ಮತ್ತೆ ಉಜ್ಜಿ. ಮೂರನೆಯ ಸಲವೂ ಅಷ್ಟೇ ಪುಡಿ ಬಂದರೆ ಬ್ರಷ್ ಕೆಳಗಿಟ್ಟು ನೀರಿನ ಮೂಲ ಹುಡುಕಿ. ಒಡೆದ ಕೊಳವೆ, ಬಿರುಕು, ಗೋಡೆಗೆ ಒರಗಿಸಿದ ಮಣ್ಣಿನ ರಾಶಿ, ಏನೋ ಒಂದು ಇದ್ದೇ ಇರುತ್ತದೆ. ಮೂಲ ಮುಚ್ಚಿದ ಮೇಲೂ ಉಳಿಯುವ ಉಪ್ಪಿಗೆ ಕಾಗದದ ಪಟ್ಟು ಹಾಕಬಹುದು. ಮುದ್ರಣವಿಲ್ಲದ ಕಾಗದವನ್ನು ಶುದ್ಧ ನೀರಲ್ಲಿ ನೆನೆಸಿ ಅರೆದು, ಬೆರಳು ದಪ್ಪಕ್ಕೆ ಮೆತ್ತಿ, ಪೂರ್ತಿ ಒಣಗಲು ಬಿಡಿ. ಒಣಗುತ್ತಾ ಅದು ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ.

ಬಳಪದ ಸುತ್ತು ಬಿದ್ದ ಗಾರೆಯನ್ನು ಕೆತ್ತಿ ಹೊಸದಾಗಿ ಮೆತ್ತಿಸಿ, 28 ದಿನ ಕಾಯಿರಿ. ಹೊಸ ಸಿಮೆಂಟಿನ ಕ್ಷಾರ ತೀಕ್ಷ್ಣ, ಕೆಲವು ಬಣ್ಣಗಳನ್ನು ತಿಂದೇ ಬಿಡುತ್ತದೆ.

ಅಡ್ಡದಾರಿ ಹೇಳಿಕೊಡುವವರು ಇಲ್ಲಿ ಸಾಲುಗಟ್ಟುತ್ತಾರೆ. ‘ಆ್ಯಸಿಡ್ ಹಾಕಿ ಒರೆಸಿ’ ಎನ್ನುವವರೊಬ್ಬರು. ಹೈಡ್ರೋಕ್ಲೋರಿಕ್ ಆಮ್ಲ ಗಾರೆಯ ಸುಣ್ಣದೊಂದಿಗೆ ಸೇರಿ ಇನ್ನಷ್ಟು ಕ್ಲೋರೈಡ್ ಉಪ್ಪು ಮಾಡಿಡುತ್ತದೆ, ಉಳಿದದ್ದು ಚರಂಡಿಗೆ. ‘ವಾಟರ್‌ಪ್ರೂಫ್ ಕೋಟಿಂಗ್ ಹೊಡೆದರೆ ಮುಗೀತು’ ಎನ್ನುವವರು ಮತ್ತೊಬ್ಬರು. ನೀರು ಹಿಂದಿನಿಂದ ಬರುತ್ತಿರುವಾಗ ಮುಂದೆ ಬಾಗಿಲು ಹಾಕಿದರೆ ಅದು ಬಾಗಿಲನ್ನೇ ಕಿತ್ತುಕೊಂಡು ಬರುತ್ತದೆ. ಮೂರನೆಯವರು ಪುಟ್ಟಿ ಬಳಿದು ನುಣುಪು ಮಾಡುವವರು. ಒಳಗೋಡೆಯ ಪುಟ್ಟಿ ಹೊರಗೋಡೆಯಲ್ಲಿ ಮೊದಲು ನೆನೆಯುತ್ತದೆ, ಆಮೇಲೆ ಕಳಚುತ್ತದೆ. ಗೋಡೆ ಕೊಂಚ ತರಿತರಿಯಾಗಿದ್ದರೆ ಏನೂ ನಷ್ಟವಿಲ್ಲ, ಹತ್ತಡಿ ದೂರದಿಂದ ಅದು ಯಾರಿಗೂ ಕಾಣುವುದಿಲ್ಲ.

ಪ್ರೈಮರ್, ಬಣ್ಣ

ಹಳೆಯ ಗೋಡೆಗೆ ಅಂಗೈ ಉಜ್ಜಿ ನೋಡಿ. ಕೈ ಬೆಳ್ಳಗಾದರೆ ಅಡಿಯಲ್ಲಿ ಡಿಸ್ಟೆಂಪರ್ ಅಥವಾ ಸುಣ್ಣ ಇದೆ, ಪೂರ್ತಿ ತೆಗೆಯಿರಿ. ಆಮೇಲೆ ಕ್ಷಾರ ತಡೆಯುವ ಹೊರಗೋಡೆ ಪ್ರೈಮರ್ ಒಂದು ಕೋಟ್, ಅದರ ಮೇಲೆ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್. ಹೊಳಪಿನದ್ದು ಬೇಡ, ಮ್ಯಾಟ್ ಇರಲಿ.

ಈವರೆಗೆ ಬಣ್ಣವನ್ನೇ ಕಾಣದ ಬರಿಯ ಗಾರೆಯ ಗೋಡೆ ಸಿಕ್ಕರೆ ನನ್ನ ಆಯ್ಕೆ ಸಿಲಿಕೇಟ್ ಬಣ್ಣ. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಗೋಡೆಯ ಮೇಲೆ ಪೊರೆ ಕಟ್ಟದೆ ಗಾರೆಯೊಂದಿಗೇ ಬೆಸೆಯುತ್ತದೆ, ಆವಿಗೆ ಹೊರದಾರಿ ಬಿಡುತ್ತದೆ. ಆದರೆ ಕ್ಷಾರ ಜಾಸ್ತಿ, ಕೈಗವಸು, ಕನ್ನಡಕ ಬೇಕು. ಮಕ್ಕಳ ಕೈಗೆ ಕೊಡುವಂಥದ್ದಲ್ಲ.

ಬಣ್ಣದ ಡಬ್ಬಿಯ ಹೆಸರಿಗೆ ಮರುಳಾಗಬೇಡಿ, ಒಳಗಿರುವ ವರ್ಣದ್ರವ್ಯ ಯಾವುದೆಂದು ಕೇಳಿ. ಕಾವಿ ಕೆಂಪು, ಕಾವಿ ಹಳದಿ ಕೊಡುವ ಕಬ್ಬಿಣದ ಆಕ್ಸೈಡ್‌ಗಳು, ಥ್ಯಾಲೋ ನೀಲಿ, ಟೈಟಾನಿಯಂ ಬಿಳಿ ಬಿಸಿಲನ್ನೂ ಕ್ಷಾರವನ್ನೂ ತಡೆಯುತ್ತವೆ. ಪ್ರಷ್ಯನ್ ನೀಲಿ ಕ್ಷಾರಕ್ಕೆ ಕಂದುತ್ತದೆ, ಕಡಲಿನ ಚಿತ್ರಕ್ಕೆ ನೀಲಿಯೇ ಕೈಕೊಟ್ಟರೆ ಇನ್ನೇನು ಉಳಿಯಿತು? ಫ್ಲೋರೊಸೆಂಟ್ ಬಣ್ಣಗಳು ಬೇಗ ಮಂಕಾಗುತ್ತವೆ. ಬಿಳಿಗೆ ಸ್ಟೇನರ್ (ಬಣ್ಣಕ್ಕೆ ಛಾಯೆ ಕೊಡಲು ಬೆರೆಸುವ ಗಾಢ ದ್ರವ) ಸುರಿದು ಕಡುನೀಲಿ ಮಾಡುವ ಉಳಿತಾಯವೂ ಬೇಡ. ಸ್ಟೇನರ್ ಮಿತಿ ಮೀರಿದರೆ ಬಣ್ಣ ಗಟ್ಟಿಯಾಗಿ ಕೂರುವುದೇ ಇಲ್ಲ.

ಏನು ಬಿಡಿಸುವುದು?

ನಿಮ್ಮದೇ ನೀರಿನಲ್ಲಿ ಇರುವುದನ್ನು ಬಿಡಿಸಿ. ಹವಳವೇ ಇಲ್ಲದ ದಂಡೆಯಲ್ಲಿ ಕಿತ್ತಳೆ ಪಟ್ಟೆಯ ಮೀನು, ದಕ್ಷಿಣದ ಪೆಂಗ್ವಿನ್ ಪಕ್ಕದಲ್ಲೇ ಉತ್ತರದ ಹಿಮಕರಡಿ, ಇವೆಲ್ಲ ಇಂಟರ್ನೆಟ್ಟಿನಿಂದ ಇಳಿಸಿದ ಕಡಲು. ಕರಡು ಚಿತ್ರವನ್ನು ಮೀನುಗಾರರ ಮುಂದೆ ಹಿಡಿಯಿರಿ. ನಾನು ಬಿಡಿಸಿದ ಕಡಲಾಮೆಗೆ ಬೆರಳುಗಳಿದ್ದವು. ಅಜ್ಜರೊಬ್ಬರು ನೋಡಿ, ‘ಇದು ಕೆರೆಯಿಂದ ನಡೆದುಕೊಂಡು ಬಂದದ್ದೋ?’ ಎಂದರು. ಕಡಲಾಮೆಗೆ ಬೆರಳು ಬಿಡಿಬಿಡಿಯಾಗಿರುವುದಿಲ್ಲ, ದೋಣಿಯ ಹುಟ್ಟಿನಂಥ ರೆಕ್ಕೆಗಾಲು.

ದೊಡ್ಡದಾಗಿ ಬಿಡಿಸಿ, ಕಡಿಮೆ ಬಿಡಿಸಿ. ಅಮೆರಿಕದ ಚಿತ್ರಕಾರ ವೈಲ್ಯಾಂಡ್ 1981ರಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನಲ್ಲಿ ಬೂದು ತಿಮಿಂಗಿಲ ಮತ್ತು ಮರಿಯಿಂದ ಶುರುಮಾಡಿ, ಪ್ರಾಣಿಗಳನ್ನು ನಿಜಗಾತ್ರದಲ್ಲೇ ಬಿಡಿಸುತ್ತಾ 2008ರಲ್ಲಿ ಬೀಜಿಂಗ್‌ನಲ್ಲಿ ನೂರನೆಯ ಗೋಡೆ ಮುಗಿಸಿದರು. ತಿಮಿಂಗಿಲದ ಪಕ್ಕ ನಡೆಯುವಾಗ ಅದರ ಉದ್ದ ಕಾಲಿಗೆ ತಿಳಿಯುತ್ತದೆ. ಇದನ್ನು ಯಾವ ಘೋಷಣೆಯೂ ಮಾಡಲಾರದು. ಘೋಷಣೆ ಬೇಕೇ ಬೇಕು ಎಂದರೆ ಗೋಡೆಯ ಬುಡದ ಮಳೆನೀರ ಚರಂಡಿಯ ಬಾಯಿಯ ಮೇಲೆ ‘ಇಲ್ಲಿ ಬಿದ್ದದ್ದು ಕಡಲಿಗೆ’ ಎಂದು ಬರೆಯಿರಿ, ಸಾಕು.

ಕರಡಿನ ಮೇಲೆ ಚೌಕ ಹಾಕಿ, ಗೋಡೆಯ ಮೇಲೆ ಬಳಪ ಹಚ್ಚಿದ ದಾರ ಮೀಟಿ ಒಂದೊಂದು ಮೀಟರಿನ ಚೌಕ ಹಾಕಿ, ಚೌಕಕ್ಕೆ ಚೌಕ ನೋಡಿ ಗೆರೆ ಎಳೆಯಿರಿ. ಅಷ್ಟೇ.

ಊರವರ ದಿನ

ಒಂದೊಂದು ಜಾಗಕ್ಕೂ ಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಬಣ್ಣದ ಲೋಟಕ್ಕೂ ಅಂಟಿಸಿ. ಮಕ್ಕಳಿಗೆ ಎಟುಕುವಷ್ಟೇ ಎತ್ತರ, ಸಾರುವೆ ಹತ್ತುವುದು ಪಳಗಿದವರು ಮಾತ್ರ. ಬಿಸಿಲು ಬಿದ್ದ ಗೋಡೆಗೆ ಬಣ್ಣ ಹಚ್ಚಿದರೆ ಅಂಟುವ ಮೊದಲೇ ಒಣಗುತ್ತದೆ, ನೆರಳು ಸರಿದಂತೆ ನೀವೂ ಸರಿಯಿರಿ.

ಅವತ್ತು ಕಾವಲು ಬೇಕಾದದ್ದು ನೀರಿನ ಬಕೆಟ್ಟಿಗೆ. ಬಣ್ಣ ಸ್ವಲ್ಪ ದಪ್ಪ ಅನ್ನಿಸಿದೊಡನೆ ಯಾರೋ ಒಂದು ಹನಿ ನೀರು ಸೇರಿಸುತ್ತಾರೆ. ಪಕ್ಕದವರಿಗೆ ಅದು ಸಲೀಸಾಗಿ ಕಾಣುತ್ತದೆ, ಅವರೂ ಸೇರಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದಲ್ಲಿ ನಾಲ್ಕು ನೀಲಿ, ಎಲ್ಲವೂ ಸೋರುತ್ತಿರುತ್ತವೆ. ನೀರು ಸೇರಿಸುವ ಅಧಿಕಾರ ಒಬ್ಬರಿಗೇ ಕೊಡಿ. ಜಗಳವಾಡಲು ಹೆದರದವರನ್ನು ಆರಿಸಿ.

ಬ್ರಷ್ ತೊಳೆದ ನೀರನ್ನು ಬೀದಿಗೆ ಚೆಲ್ಲಿದರೆ ಮಾಡಿದ್ದೆಲ್ಲ ಸುಳ್ಳು. ಮೊದಲು ಬ್ರಷ್‌ನ ಬಣ್ಣವನ್ನು ರಟ್ಟಿನ ಮೇಲೆ ಒರೆಸಿ ಖಾಲಿ ಮಾಡಿ, ಆಮೇಲೆ ಒಂದೇ ಡ್ರಮ್ಮಿನಲ್ಲಿ ತೊಳೆಯಿರಿ. ಆ ನೀರಿಗೆ ಪಟಿಕದ ಪುಡಿ ಹಾಕಿ ಕಲಕಿ ರಾತ್ರಿಯಿಡೀ ಬಿಟ್ಟರೆ ಬಣ್ಣ ಮುದ್ದೆಗಟ್ಟಿ ತಳ ಸೇರುತ್ತದೆ. ದಪ್ಪ ಬಟ್ಟೆಯಲ್ಲಿ ಸೋಸಿ, ಮುದ್ದೆಯನ್ನು ಒಣಗಿಸಿ ಒಣಕಸಕ್ಕೆ ಹಾಕಿ. ಸೋಸಿದ ನೀರು ಮೋರಿಗಲ್ಲ, ಒಳಚರಂಡಿಗೆ.

ಮೇಲೆ ವಾರ್ನಿಷ್ ಹೊಡೆಯಬೇಕೇ ಎಂದು ಎಲ್ಲರೂ ಕೇಳುತ್ತಾರೆ. ನಾನು ಹೊಡೆಯುವುದಿಲ್ಲ. ಕಡಲ ಪಕ್ಕದ ಗೋಡೆ ಉಸಿರಾಡಬೇಕು. ಅದರ ಬದಲು ಪ್ರತಿ ಬಣ್ಣದಲ್ಲೂ ಅರ್ಧ ಲೀಟರ್ ಉಳಿಸಿ, ಬಿಗಿಯಾದ ಡಬ್ಬಿಯಲ್ಲಿ ನೆರಳಲ್ಲಿಡಿ. ಮೊದಲ ಮಳೆಗಾಲ ಕಳೆದ ಮೇಲೆ ಒಮ್ಮೆ ಗೋಡೆಯ ಉದ್ದಕ್ಕೂ ತಟ್ಟುತ್ತಾ ನಡೆಯಿರಿ, ನಾಣ್ಯದಷ್ಟಗಲದ ಗುಳ್ಳೆ ಕಂಡರೆ ಅಂದೇ ಕೆರೆದು, ಉಪ್ಪು ಉಜ್ಜಿ, ಒಣಗಿದ ಮೇಲೆ ತೇಪೆ ಹಾಕಿ. ಡಬ್ಬಿಯ ಮೇಲೆ ‘ನೀಲಿ 3’ ಎಂದು ಬರೆದಿಟ್ಟರೆ ವರ್ಷದ ಮೇಲೆ ನಿಮಗೇ ನೆನಪಿರುವುದಿಲ್ಲ. ‘ತಿಮಿಂಗಿಲದ ಹೊಟ್ಟೆ’ ಎಂದು ಬರೆಯಿರಿ.