ಟೊಬ್ರುಕ್‌ನಲ್ಲಿ ಸೆರೆಯಾದ ಅಜ್ಜನ ದಾಖಲೆ ನನಗೆ ಸಿಕ್ಕ ಬಗೆ

ಎರಡನೆಯ ಮಹಾಯುದ್ಧದಲ್ಲಿ, 1942ರ ಜೂನ್ 21ರಂದು, ಲಿಬಿಯಾದ ಟೊಬ್ರುಕ್ ಪತನವಾದಾಗ ಸೆರೆಯಾದ ಸುಮಾರು 33 ಸಾವಿರ ಸೈನಿಕರಲ್ಲಿ ಮರಾಠಾ ರೆಜಿಮೆಂಟಿನ ಎರಡನೆಯ ಬಟಾಲಿಯನ್ನಿನವರೂ, ಅವರ ನಡುವೆ ಹುಕ್ಕೇರಿ ತಾಲೂಕಿನ ನಮ್ಮ ಅಜ್ಜನೂ ಇದ್ದರು. ಒಬ್ಬ ಸಾದಾ ಸಿಪಾಯಿಯ ಸೆರೆವಾಸಕ್ಕೆ ಈಗ ಕಾಗದ ಎಲ್ಲಿ ಉಳಿದೀತು ಎಂದು ಬೆಳಗಾವಿಯ ಹಿರಿಯ ಮಾಜಿ ಸೈನಿಕರೇ ನನ್ನನ್ನು ತಡೆದಿದ್ದರು. ಆ ಕಾಗದ ಈಗ ನನ್ನ ಕೈಯಲ್ಲಿದೆ. ಅದೇ ದಾರಿಯಲ್ಲಿ ಗೋಕಾಕ ಕಡೆಯ ಇನ್ನೊಂದು ಮನೆತನಕ್ಕೂ ದಾಖಲೆ ತೆಗೆಸಿಕೊಟ್ಟಿದ್ದೇನೆ.

ಮೊದಲ ಒಂದೆರಡು ವರ್ಷ ಹೆಸರು ಹಿಡಿದು ಹುಡುಕಿದ್ದರಿಂದ ಏನೂ ಫಲಿಸಲಿಲ್ಲ, ಏಕೆಂದರೆ ಒಂದೇ ಹೆಸರಿನ ಸಿಪಾಯಿಗಳು ಪ್ರತಿ ಕಂಪನಿಯಲ್ಲೂ ಇದ್ದರು. ಲಂಡನ್ನಿನ ಏಜೆಂಟನೊಬ್ಬನಿಗೆ ಸುಮಾರು 20 ಸಾವಿರ ರೂಪಾಯಿ ಕೊಟ್ಟಾಗ ಬಂದದ್ದು ಬಟಾಲಿಯನ್ನಿನ ಯುದ್ಧ ದಿನಚರಿಯ ನಕಲು. ಅದರಲ್ಲಿ ಅಧಿಕಾರಿಗಳ ಹೆಸರುಗಳಿದ್ದವೇ ಹೊರತು ಸಿಪಾಯಿಗಳದ್ದಲ್ಲ. ಆಮೇಲೆ ಹೆಸರನ್ನು ಬದಿಗಿಟ್ಟು ರೆಜಿಮೆಂಟಲ್ ನಂಬರಿನ, ಅಂದರೆ ಸೈನ್ಯ ಪ್ರತಿ ಸಿಪಾಯಿಗೂ ಕೊಡುವ ಗುರುತಿನ ಸಂಖ್ಯೆಯ, ಬೆನ್ನು ಹತ್ತಿದೆ. 1929ರ ಜಿನೀವಾ ಒಪ್ಪಂದದ 77ನೆಯ ವಿಧಿಯಂತೆ ಸೆರೆಹಿಡಿದ ದೇಶವು ಪ್ರತಿ ಕೈದಿಯ ನಂಬರು, ಪಲ್ಟಣ, ಸೆರೆಯಾದ ದಿನ ಮತ್ತು ಸ್ಥಳ, ಗಾಯ, ಶಿಬಿರ ಇವೆಲ್ಲವನ್ನೂ ಬರೆದಿಡಬೇಕಿತ್ತು.

ಡಿಸ್ಚಾರ್ಜ್ ಪತ್ರವನ್ನು ಗೆದ್ದಲು ತಿಂದಿತ್ತು. ಉಳಿದದ್ದು ಆಫ್ರಿಕಾ ಸ್ಟಾರ್ ಪದಕ. ಅದರ ಹಿಂಬದಿಯಲ್ಲಿ ಕೊರೆದಿದ್ದ ನಂಬರು, ಪ್ರತಿ ಆಯುಧ ಪೂಜೆಗೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ, ಬಹುಪಾಲು ಸವೆದಿತ್ತು. ಸೀಮೆಸುಣ್ಣದ ಪುಡಿ ತುಂಬಿ ನೋಡಿದೆ, ಪ್ರಯೋಜನವಾಗಲಿಲ್ಲ. ತೆಳುಕಾಗದವಿಟ್ಟು ಪೆನ್ಸಿಲ್ ಉಜ್ಜಿದಾಗ ಅರ್ಧ ಅಂಕಿಗಳು ಮೂಡಿದವು, ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಉಳಿದವೂ ಕಂಡವು. ಕೊನೆಯ ಅಂಕಿ ಮೂರೋ ಎಂಟೋ ಎಂಬುದನ್ನು ನಿರ್ಧರಿಸಿದ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೈದಿಗಳ ಇಂಥ ವಿವರಗಳನ್ನು ಕಾಯ್ದಿಟ್ಟಿರುವ ಜಿನೀವಾದ ರೆಡ್‌ಕ್ರಾಸ್ ಸಮಿತಿಯ ಪತ್ರಾಗಾರವು ಅವನ್ನು ಕೇಳುವ ಅರ್ಜಿಗಳನ್ನು ವರ್ಷದಲ್ಲಿ ಕೆಲವೇ ಸಲ, ಮಿತ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತದೆ. ಆದ್ದರಿಂದ ಎಲ್ಲವನ್ನೂ ಮುಂಚೆಯೇ ಸಿದ್ಧಮಾಡಿಕೊಂಡು ಕಾಯಬೇಕು. ಹಲವು ತಿಂಗಳ ಮೇಲೆ ಬಂದ ಉತ್ತರದಲ್ಲಿ ಸೆರೆಯಾದ ಸ್ಥಳ ಟೊಬ್ರುಕ್, ಶಿಬಿರ ಇಟಲಿಯ ಅವೆಝಾನೊದ 91ನೆಯದು ಎಂದಿತ್ತು. ಸೆರೆಯಲ್ಲಿ ಡಬ್ಬಿಗಟ್ಟಲೆ ಹಿಟ್ಟು, ಬೇಳೆ, ತುಪ್ಪ ಬರುತ್ತಿತ್ತೆಂದು ಅಜ್ಜ ಹೇಳುತ್ತಿದ್ದಾಗ ಊರಿನವರು ನಂಬುತ್ತಿರಲಿಲ್ಲ. ಲಂಡನ್ನಿನ ಇಂಡಿಯನ್ ಕಂಫರ್ಟ್ಸ್ ಫಂಡ್ ಸಂಸ್ಥೆ ಭಾರತೀಯ ಕೈದಿಗಳಿಗೆಂದೇ ಅಂಥ ಪೊಟ್ಟಣಗಳನ್ನು ಕಟ್ಟಿ ಕಳಿಸುತ್ತಿತ್ತು. ಅಜ್ಜನ ಮಾತು ನಿಜವೇ ಆಗಿತ್ತು. ನಂಬರು ತಿಳಿದ ಮೇಲೆ ಆದ ಖರ್ಚು, ನನ್ನ ನೆನಪಿನಂತೆ, ಮೂರು ಸಾವಿರವನ್ನೂ ದಾಟಲಿಲ್ಲ.

ಬಾಗಲಕೋಟೆಯ ಗೆಳೆಯರೊಬ್ಬರ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ, 1916ರ ಏಪ್ರಿಲ್ 29ರಂದು, ಈಗಿನ ಇರಾಕಿನ ಕುಟ್‌ನಲ್ಲಿ ತುರ್ಕರಿಗೆ ಸೆರೆಯಾದವರು. ಅಲ್ಲಿ ಶರಣಾದ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳ ಸಿಪಾಯಿಗಳಿಗೆ ಈ ವಿಧಾನ ಸಾಲದು: ಮರುಭೂಮಿಯ ನಡಿಗೆಯಲ್ಲಿ, ರಾಸ್ ಅಲ್ ಐನ್‌ನ ರೈಲ್ವೆ ಕೂಲಿಯಲ್ಲಿ ಸತ್ತವರನ್ನು ಯಾರೂ ನೆಟ್ಟಗೆ ಎಣಿಸಿಡಲಿಲ್ಲ. ಅವರಿಗಾಗಿ ಆ ಯುದ್ಧದಲ್ಲಿ ಸತ್ತವರಿಗಾಗಿ ಇರಾಕಿನಲ್ಲಿರುವ ಬಸ್ರಾ ಸ್ಮಾರಕದ ಯಾದಿಯ ಹೆಸರುಗಳನ್ನು ಪಲ್ಟಣವಾರು ಬೇರ್ಪಡಿಸುತ್ತಿದ್ದೇನೆ. 117ನೆಯದು ಅರ್ಧ ಮುಗಿದಿದೆ.